ನೂರರ ಮೇಲೆ ಎರಡು

ಕೋಳಿ ಕೇಳಿ ಖಾರ ಅರೆಯುತ್ತಾರೆಯೇ ಎಂಬ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆಂದರೆ, ಅದರೊಳಗೆ ಕೋಳಿ ಎಂಬ ಒಂದು ಜೀವ ಇದೆ ಎನ್ನುವುದೇ ಮರೆತುಹೋಗಿದೆ. ವರ್ಗವಾದ ಗುಮಾಸ್ತ, ಹೇಳದೆ ಕೇಳದೆ ಮದುವೆ ಗೊತ್ತಾದ ಹುಡುಗಿ, ರಸ್ತೆ ಅಗಲವಾಗುವಾಗ ಅಂಗಡಿ ಕಳೆದುಕೊಂಡ ವ್ಯಾಪಾರಿ, ಎಲ್ಲರೂ ಈ ಗಾದೆಯ ಕೋಳಿಗಳೇ. ನಿಜವಾದ ಕೋಳಿಯ ವಿಷಯಕ್ಕೆ ಬಂದರೆ ಗಾದೆ ಅರ್ಧ ಮಾತ್ರ ಸತ್ಯ. ಖಾರ ಅರೆಯುವಾಗ ಯಾರೂ ಅದನ್ನು ಕೇಳುವುದಿಲ್ಲ, ಸರಿ. ಆದರೆ ಅದೇ ಕೋಳಿಯ ಬದುಕಿನ ಮೊದಲ ಮೂರು ವಾರ, ಮೈಮೇಲಿನ ನವಿರು ಹೋಗಿ ಪುಕ್ಕ ಬಲಿಯುವ ತನಕ, ಅದನ್ನು ಕೇಳದೆ ಸಾಕುವವನು ಒಂದು ಹೆಜ್ಜೆಯನ್ನೂ ಇಡುವಂತಿಲ್ಲ.

ತಾಯಿಯಿಲ್ಲದ ಮರಿಗಳಿಗೆ ಕಾವು ಕೊಡುವ ಏರ್ಪಾಟಿಗೆ ಬ್ರೂಡರ್ ಎನ್ನುತ್ತಾರೆ. ಹೆಸರು ದೊಡ್ಡದು, ವಸ್ತು ಸಣ್ಣದು. ಒಂದೂವರೆ ಅಡಿ ಎತ್ತರದ ತಗಡನ್ನೋ ಬಿದಿರ ತಟ್ಟಿಯನ್ನೋ ದುಂಡಗೆ ಬಾಗಿಸಿ ನಿಲ್ಲಿಸಿದ ಒಂದು ಸುತ್ತು, ಅದರೊಳಗೆ ಹಾಸು, ಮೇಲಿನಿಂದ ಇಳಿಬಿಟ್ಟ ಬಲ್ಬು. ಇಷ್ಟೆ. ಸುತ್ತು ದುಂಡಗೇ ಇರಬೇಕು, ಏಕೆಂದರೆ ಮೂಲೆ ಇದ್ದಲ್ಲಿ ಮರಿಗಳು ಬೆದರಿದಾಗ ಒಂದರ ಮೇಲೊಂದು ಒಟ್ಟಿಕೊಂಡು ಕೆಳಗಿನವು ಉಸಿರುಕಟ್ಟಿ ಸಾಯುತ್ತವೆ. ಬಲ್ಬಿಗೆ ಮರಿಯೊಂದಕ್ಕೆ ಎರಡು ವ್ಯಾಟ್ ಎಂಬ ಲೆಕ್ಕ. ಕಾವು ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ ವಾರಕ್ಕೆ 5 ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಇದೆಲ್ಲ ಪುಸ್ತಕದಲ್ಲಿದೆ. ಆದರೆ ಪುಸ್ತಕವನ್ನು ಬರೆದವರೇ ಕೊನೆಗೆ ಒಂದು ಮಾತು ಸೇರಿಸಿರುತ್ತಾರೆ: ಉಷ್ಣಮಾಪಕವನ್ನು ನೋಡು, ಆದರೆ ಮರಿಗಳನ್ನು ನಂಬು. ಮರಿಗಳು ಬಲ್ಬಿನ ಕೆಳಗೆ ಮುದ್ದೆಯಾಗಿ ಕಿರುಚುತ್ತಿದ್ದರೆ ಚಳಿ, ಬಲ್ಬನ್ನು ಇಳಿಸು. ಅಂಚಿಗೆ ಸರಿದು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ, ಏರಿಸು. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ, ಹುಡುಕು. ಕಾಳು ಚೆಲ್ಲಿದಂತೆ ಎಲ್ಲ ಕಡೆ ಹರಡಿಕೊಂಡು ಸಣ್ಣಗೆ ಗುಜುಗುಜು ಮಾಡುತ್ತಿದ್ದರೆ ನೀನು ಹೋಗಿ ಮಲಗಬಹುದು.

ಯಾವ ತಂದೆತಾಯಿ ತಮ್ಮ ಮಕ್ಕಳ ಮಾತನ್ನು ಇಷ್ಟು ಜಾಗ್ರತೆಯಿಂದ ಕೇಳಿಸಿಕೊಳ್ಳುತ್ತಾರೋ ನಾನರಿಯೆ. ನನಗೆ ಬಹುಕಾಲದಿಂದ ಬಿಡಿಸಲಾಗದ ಒಗಟು ಇದು: ಮೂರು ವಾರ ಇಷ್ಟು ಕೇಳಿಸಿಕೊಂಡವನು ಎಂಟನೆಯ ವಾರ ಕೇಳುವುದೇ ಇಲ್ಲ. ಆಗ ಮೊದಲಿನ ಆ ಕೇಳುವಿಕೆಗೆ ಏನು ಹೆಸರು? ಅದು ಅಕ್ಕರೆಯೇ, ಲಾಭವೇ, ಬರೀ ಕಸುಬೇ?

ಹಾಸಿನ ಮಾತು ಮೊದಲು ಮುಗಿಸೋಣ, ಏಕೆಂದರೆ ಒಗಟಿನ ತುದಿ ಅಲ್ಲಿಯೇ ಸಿಕ್ಕಿಕೊಂಡಿದೆ.

ಕಾವು ಎಲ್ಲರ ಕಣ್ಣಿಗೆ ಬೀಳುತ್ತದೆ, ಹಾಸು ಬೀಳುವುದಿಲ್ಲ. ನಮ್ಮ ನಾಡಿನಲ್ಲಿ ಕೋಳಿಮನೆಯ ಹಾಸು ಎಂದರೆ ಹೆಚ್ಚಾಗಿ ಭತ್ತದ ಹೊಟ್ಟು. ಹಗುರ, ಅಗ್ಗ, ನೀರನ್ನು ತಕ್ಕಮಟ್ಟಿಗೆ ಹೀರುತ್ತದೆ, ಕಾಲಿಗೆ ಹಿಡಿತ ಕೊಡುತ್ತದೆ, ಆಮೇಲೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಎರಡು ಅಂಗುಲ ಹರಡಿದರೆ ಶುರುವಿಗೆ ಸಾಕು. ಅಕ್ಕಿ ಗಿರಣಿ ದೂರವಿರುವಲ್ಲಿ ಮರ ಕೊಯ್ಯುವ ಮಿಲ್ಲಿನ ಹೊಟ್ಟು ತರುತ್ತಾರೆ. ಅದು ದಪ್ಪಗಿದ್ದರೆ ಒಳ್ಳೆಯದೇ, ತೀರಾ ನುಣ್ಣಗಿದ್ದರೆ ಎರಡು ಕೇಡು: ದೂಳು ಎದ್ದು ಮರಿಯ ಉಸಿರಿಗೆ ಸೇರುತ್ತದೆ, ಮತ್ತು ಕಾಳು ಯಾವುದು ಪುಡಿ ಯಾವುದು ಎಂದು ತಿಳಿಯದ ಒಂದು ದಿನದ ಮರಿ ಅದನ್ನೇ ಹೆಕ್ಕಿ ನುಂಗಿ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಕಡಲೆಕಾಯಿ ಸಿಪ್ಪೆ ಸಿಗುವ ಸೀಮೆಯಲ್ಲಿ ಅದನ್ನೂ ಹಾಸುತ್ತಾರೆ. ಆದರೆ ಸ್ವಲ್ಪ ತೇವ ತಗುಲಿದರೂ ಬೂಷ್ಟು ಹಿಡಿಯುವ ಪದಾರ್ಥ ಅದು, ಆ ಬೂಷ್ಟಿನಿಂದ ಮರಿಗಳ ಶ್ವಾಸಕೋಶಕ್ಕೆ ಹತ್ತುವ ರೋಗಕ್ಕೆ ಬ್ರೂಡರ್ ನ್ಯುಮೋನಿಯಾ ಎಂದೇ ಹೆಸರು ಬಿದ್ದಿದೆ. ಒದ್ದೆ ಹಾಸು ಇನ್ನೊಂದು ಕೇಡಿನ ತವರು. ರಕ್ತಭೇದಿ ತರುವ ಕಾಕ್ಸಿಡಿಯಾ ರೋಗಾಣು ಬೆಚ್ಚಗಿನ ತೇವದಲ್ಲಿ ಒಂದೆರಡು ದಿನಗಳಲ್ಲಿ ಬಲಿಯುತ್ತದೆ. ಆದ್ದರಿಂದ ಹಾಸನ್ನು ದಿನವೂ ಕೆದಕಬೇಕು, ಒಂದು ಹಿಡಿ ತೆಗೆದು ಹಿಂಡಿ ನೋಡಬೇಕು. ಉಂಡೆ ಕಟ್ಟಿದರೆ ತೇವ ಹೆಚ್ಚು. ಕೈ ಬಿಟ್ಟೊಡನೆ ದೂಳಾದರೆ ತೀರಾ ಒಣಗು. ನಿಧಾನವಾಗಿ ಬಿಚ್ಚಿಕೊಂಡರೆ ಹದ. ನಮ್ಮ ಹೆಂಗಸರು ಚಕ್ಕುಲಿ ಹಿಟ್ಟಿಗೆ ನೋಡುವ ಹದಕ್ಕೂ ಇದಕ್ಕೂ ನನಗೇನೂ ವ್ಯತ್ಯಾಸ ಕಾಣದು.

ಕಾಗದದ ಸಂಗತಿ ಬೇರೆ. ಹೊಟ್ಟನ್ನು ತಿನ್ನದಿರಲೆಂದು ಮೊದಲ ಎರಡು ಮೂರು ದಿನ ಅದರ ಮೇಲೆ ಹಳೆಯ ಪತ್ರಿಕೆ ಹಾಸಿ, ಮೆಕ್ಕೆಜೋಳದ ನುಚ್ಚು ಉದುರಿಸುವುದು ರೂಢಿ. ನುಚ್ಚು ಕಾಗದದ ಮೇಲೆ ಬಿದ್ದು ಪಟಪಟ ಸದ್ದಾದರೆ ಮರಿಗಳು ಹೆಕ್ಕಲು ಓಡಿಬರುತ್ತವೆ. ಆದರೆ ನುಣುಪಾದ ಕಾಗದವನ್ನೇ ದಿನಗಟ್ಟಲೆ ಬಿಟ್ಟರೆ ಎಳೆಯ ಕಾಲು ಜಾರಿ ಜಾರಿ ಎರಡೂ ಪಕ್ಕಕ್ಕೆ ಅಗಲಿಕೊಳ್ಳುತ್ತವೆ. ಅಂಥ ಮರಿ ಮತ್ತೆ ಎದ್ದು ನಿಲ್ಲುವುದು ಕಷ್ಟ. ನೀರಿನ ತಟ್ಟೆ ಒಂದು ಅಡಿ ದೂರದಲ್ಲಿದ್ದರೂ ಅದಕ್ಕೆ ಕಾವೇರಿಯಷ್ಟು ದೂರ. ಗಮನಿಸಬೇಕಾದ್ದೇನೆಂದರೆ, ಇದರಿಂದ ಸಾಕುವವನಿಗೆ ಆಗುವ ನಷ್ಟ ಬಹಳ ಕಡಿಮೆ. ನೂರರಲ್ಲಿ ಒಂದೋ ಎರಡೋ ಹೋಗಬಹುದು. ಬಲ್ಬು ಕೆಟ್ಟರೆ ತಂಡವೇ ಹೋಗುತ್ತದೆ, ಆದ್ದರಿಂದ ಬಲ್ಬಿನ ಬಗ್ಗೆ ಎಚ್ಚರವಿರಲು ಯಾರಿಗೂ ನೀತಿ ಹೇಳಬೇಕಾಗಿಲ್ಲ, ಸ್ವಾರ್ಥವೇ ಹೇಳಿಕೊಡುತ್ತದೆ. ಹಾಸಿನ ವಿಷಯದಲ್ಲಿ ಸ್ವಾರ್ಥ ಅರ್ಧದಲ್ಲೇ ಆಕಳಿಸಿ ಮಲಗಿಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಎಚ್ಚರವಾಗಿರುವುದು ಏನು ಎಂಬುದೇ ನನ್ನ ಪ್ರಶ್ನೆ.

ಈ ಪ್ರಶ್ನೆ ನನ್ನದಲ್ಲ, ನಮ್ಮ ಅಜ್ಜಿಯದು. ಅದನ್ನು ಆಕೆ ಕೇಳಿದ್ದು ಹಳ್ಳಿಯ ಹಟ್ಟಿಯಲ್ಲಿ ಅಲ್ಲ, ಬೆಂಗಳೂರಿನ ಉಪ್ಪಾರಪೇಟೆಯಲ್ಲಿ. ಉಪ್ಪು, ಮಣ್ಣು, ಗಾರೆ ಕೆಲಸದ ಉಪ್ಪಾರರ ಹೆಸರು ಹೊತ್ತ ಆ ಪೇಟೆಯಲ್ಲಿ ನಮಗೊಂದು ಸಣ್ಣ ಬಾಡಿಗೆ ಮನೆ ಇತ್ತು. ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಇದ್ದ ಅಂಗಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣ. ಅಲ್ಲಿಂದ ನಮ್ಮ ಮನೆಗೆ ನಡೆದರೆ ಹತ್ತು ನಿಮಿಷ. ತೋಟದಪ್ಪನವರ ಛತ್ರದಲ್ಲಿ ಜಾಗ ಸಿಗದ ನೆಂಟರಿಗೆಲ್ಲ ನಮ್ಮ ಮನೆಯೇ ಛತ್ರ. ಬಸ್ಸು ತಪ್ಪಿದವರು, ಆಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ಸಿನಿಮಾ ನೋಡಲು ಬಂದು ಕೋರ್ಟಿಗೆ ಬಂದೆವೆಂದವರು, ಎಲ್ಲರೂ ನಮ್ಮ ಪಡಸಾಲೆಯ ಚಾಪೆಯ ಮೇಲೆ ಒಂದು ರಾತ್ರಿ ಕಳೆದವರೇ. 1994ರ ಜನವರಿಯ ಒಂದು ಸಂಜೆ ಚಿಕ್ಕಪ್ಪ ಹಾಗೆಯೇ ಬಂದರು. ಕುಣಿಗಲ್ ಕಡೆಗೆ ಹೋಗುವ ಕಡೆಯ ಬಸ್ಸು ತಪ್ಪಿತ್ತು. ಕೈಯಲ್ಲಿ ಸುತ್ತ ತೂತು ಕೊರೆದ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಊರಾಚೆಯ ಒಂದು ಖಾಸಗಿ ಹ್ಯಾಚರಿಯಿಂದ ತಂದ ಒಂದು ದಿನದ ಮರಿಗಳು.

ಒಂದು ದಿನದ ಮರಿ ಬಸ್ಸಿನಲ್ಲಿ ಪ್ರಯಾಣ ಮಾಡಬಲ್ಲದು ಎಂಬುದೇ ಒಂದು ಸೋಜಿಗ. ಮೊಟ್ಟೆಯೊಡೆಯುವ ಮುಂಚೆ ಮರಿ ಉಳಿದ ಹಳದಿಯನ್ನೆಲ್ಲ ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಆ ಬುತ್ತಿಯ ಬಲದಿಂದ ಎರಡು ಮೂರು ದಿನ ಅದು ಕಾಳು ನೀರಿಲ್ಲದೆ ಬದುಕಬಲ್ಲದು. ತಾಯಿಯ ಕೆಳಗೆ ಎಲ್ಲ ಮೊಟ್ಟೆಗಳೂ ಒಟ್ಟಿಗೆ ಒಡೆಯುವುದಿಲ್ಲ. ಮೊದಲು ಬಂದದ್ದು ಕಡೆಯದಕ್ಕಾಗಿ ಕಾಯಬೇಕಲ್ಲ, ಅದಕ್ಕಾಗಿ ಪ್ರಕೃತಿ ಮಾಡಿದ ಏರ್ಪಾಟು. ಒಡಹುಟ್ಟಿದವರಿಗಾಗಿ ಕಾಯಲೆಂದು ಕೊಟ್ಟ ಆ ಬುತ್ತಿಯನ್ನು ನಾವು ಬಸ್ಸು, ರೈಲು, ವಿಮಾನಗಳ ಟಿಕೆಟ್ಟಾಗಿ ಮಾಡಿಕೊಂಡಿದ್ದೇವೆ. ಮರಿಗೆ ಹಸಿವಿಗಿಂತ ಚಳಿಯೇ ಮೊದಲ ಶತ್ರು. ಜನವರಿಯ ಬೆಂಗಳೂರಿನ ರಾತ್ರಿ ಮನುಷ್ಯರಿಗೇ ಎರಡು ಕಂಬಳಿ ಬೇಡುತ್ತದೆ.

ಅರಳೆಪೇಟೆಯ ಪಕ್ಕದಲ್ಲೇ ಇದ್ದ ನಮಗೆ ಹಾಸಿಗೆಗೆ ಹತ್ತಿ ಬೇಕಾದಷ್ಟು ಸಿಕ್ಕೀತು. ಭತ್ತದ ಹೊಟ್ಟು ಎಲ್ಲಿಂದ ತರುವುದು? ಬಚ್ಚಲ ಹಂಡೆಯ ಒಲೆಗೆಂದು ತಂದಿಟ್ಟಿದ್ದ ಮರದ ಹೊಟ್ಟಿನ ಮೂಟೆ ಇತ್ತು. ಚಿಕ್ಕಪ್ಪ ಈಚಲ ಚಾಪೆಯನ್ನು ಅಂಚಿನ ಮೇಲೆ ದುಂಡಗೆ ನಿಲ್ಲಿಸಿ ಹಗ್ಗ ಕಟ್ಟಿ, ಒಳಗೆ ಹೊಟ್ಟು ಸುರಿದು, ಪತ್ರಿಕೆ ಬಿಡಿಸತೊಡಗಿದರು. ಬಾಗಿಲ ಬಳಿ ಕೂತಿದ್ದ ಅಜ್ಜಿ ಬೇಡವೆಂದಳು. ಕಾಲು ಜಾರುತ್ತದೆ. ಗೋಣಿತಾಟು? ಅದರ ಎಳೆ ಉಗುರಿಗೆ ಸಿಕ್ಕಿಕೊಳ್ಳುತ್ತದೆ. ಹಾಗಂದವಳು ಎದ್ದು ಹೋಗಿ ತನ್ನ ಟ್ರಂಕಿನಿಂದ ಒಗೆದು ಒಗೆದು ಮೆದುವಾದ ಒಂದು ನೂಲಿನ ಸೀರೆ ತಂದು ಎರಡು ತುಂಡು ಮಾಡಿ ಹೊಟ್ಟಿನ ಮೇಲೆ ಹಾಸಿದಳು. ನಮ್ಮಲ್ಲಿ ಎಳೆಗೂಸಿಗೆ ಹೊಸ ಬಟ್ಟೆ ಹಾಸುವುದಿಲ್ಲ, ಹಳೆಯ ಸೀರೆಯೇ ಆಗಬೇಕು, ಹೊಸದು ಗೀರುತ್ತದೆ. ಎರಡು ನೂರು ವ್ಯಾಟಿನ ಬಲ್ಬುಗಳನ್ನು ಬಟ್ಟೆ ಒಣಗಿಸುವ ತಂತಿಯಿಂದ ಇಳಿಬಿಟ್ಟದ್ದಾಯಿತು. ನೀರಿಗೆ ಒಂದು ಚೂರು ಬೆಲ್ಲ ಕದಡಿ, ಒಂದೊಂದೇ ಮರಿಯ ಕೊಕ್ಕನ್ನು ಅದರಲ್ಲಿ ಅದ್ದಿ ಅದ್ದಿ ಬಿಟ್ಟರು. ಪೆಟ್ಟಿಗೆಯಲ್ಲಿ ನಾಲ್ಕು ಗೂಡು. ಗೂಡಿಗೆ 25ರಂತೆ ನೂರು ಎಂದು ನಾನು ಎಣಿಸುತ್ತಿದ್ದರೆ ಎರಡು ಗೂಡುಗಳಲ್ಲಿ 26 ಬಂದವು.

"ಅದು ಹಂಗೇ. ನೂರಕ್ಕೆ ಎರಡು ಮೇಲೆ ಹಾಕ್ತಾರೆ. ದಾರೀಲಿ ಹೋಗೋವು ಇರ್ತವಲ್ಲ, ಅದಕ್ಕೆ" ಎಂದರು ಚಿಕ್ಕಪ್ಪ.

ನಡುರಾತ್ರಿ ಕರೆಂಟು ಹೋಯಿತು. ಅಜ್ಜಿ ಒಲೆಯಲ್ಲಿ ಇದ್ದಿಲು ಕೆಂಡ ಮಾಡಿ, ಮಡಕೆಗೆ ತುಂಬಿ, ಸುತ್ತಿನ ನಡುವೆ ಇಟ್ಟಿಗೆಯ ಮೇಲಿಟ್ಟು, ಹೊಗೆ ಕಟ್ಟದಂತೆ ಕಿಟಕಿಯ ಒಂದು ಬಾಗಿಲು ತೆರೆದಿಟ್ಟು ಬೆಳಗಿನ ತನಕ ಕೂತಿದ್ದಳು. ಬೆಳಿಗ್ಗೆ ನೋಡಿದರೆ ಸೀರೆಯ ಅಂಚಿನಲ್ಲಿ ಒಂದು ಮರಿ ಸತ್ತಿತ್ತು. ಅದರ ಹೊಕ್ಕುಳು ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ಯಾರೇನು ಮಾಡಿದ್ದರೂ ಉಳಿಯುತ್ತಿರಲಿಲ್ಲವೇನೋ. ಚಿಕ್ಕಪ್ಪ ಅದನ್ನು ಎತ್ತಿ ಕಾಗದದಲ್ಲಿ ಸುತ್ತುತ್ತ, ತಾಯಿಯನ್ನು ಸಮಾಧಾನಪಡಿಸುವ ಧ್ವನಿಯಲ್ಲಿ, "ಲೆಕ್ಕದಲ್ಲೇ ಐತೆ ಬಿಡವ್ವ. ಮೇಲೆ ಕೊಟ್ಟ ಎರಡರಲ್ಲಿ ಒಂದು ಇದು" ಎಂದರು.

"ಆ ಎರಡು ಯಾವ್ಯಾವು ಅಂತ ರಾತ್ರಿ ನಿಂಗೆ ಗೊತ್ತಿತ್ತೇನಪ್ಪ?"

"ಅದೆಂಗೆ ಗೊತ್ತಾಯ್ತದವ್ವ?"

"ಗೊತ್ತಿದ್ದಿದ್ರೆ ಅವಕ್ಕೆ ಸೀರೆ ಹಾಸ್ತಿರಲಿಲ್ವಾ?"

ಚಿಕ್ಕಪ್ಪ ಉತ್ತರ ಕೊಡಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಅದು ಉತ್ತರ ಕೊಡುವಂಥ ಪ್ರಶ್ನೆಯೂ ಅಲ್ಲ.

ಈ ಮಾತನ್ನು ನಾನು ಅನೇಕ ಸಲ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಹ್ಯಾಚರಿಯವರು ಎರಡು ಮರಿ ಹೆಚ್ಚು ಕೊಡುವುದು ಅಪ್ರಾಮಾಣಿಕತೆ ಅಲ್ಲ; ವ್ಯಾಪಾರದ ದೃಷ್ಟಿಯಿಂದ ತಕ್ಕಡಿ ಸ್ವಲ್ಪ ಕೊಳ್ಳುವವನ ಕಡೆಗೆ ವಾಲಲಿ ಎಂಬ ಮರ್ಯಾದೆ. ತರಕಾರಿಯವಳು ಕೊಸರು ಹಾಕುವುದಿಲ್ಲವೇ, ಹಾಗೆ. ಆದರೆ ಕೊಸರಿನ ಬದನೆಕಾಯಿಗೂ ತೂಕದ ಬದನೆಕಾಯಿಗೂ ಇಲ್ಲದ ತೊಡಕು ಇಲ್ಲಿದೆ. 102 ಮರಿಗಳು ಸೀರೆಯ ಮೇಲೆ ಓಡಾಡುತ್ತಿರುವಾಗ ಅವುಗಳಲ್ಲಿ ಹೆಚ್ಚುವರಿ ಎಂಬುದು ಒಂದೂ ಇಲ್ಲ. ಪ್ರತಿಯೊಂದೂ ತನ್ನ ಪಾಲಿಗೆ ಮೊದಲನೆಯದು. ಸತ್ತ ಮೇಲೆ ಅದಕ್ಕೆ ಆ ಹೆಸರಿಡುತ್ತೇವೆ. ಸಾವಿಗೆ ಮೊದಲೇ ಲೆಕ್ಕವಿತ್ತು ಎಂಬ ಸಮಾಧಾನ ನಮಗೆ ಸಿಗುತ್ತದೆ. ಸಾಯುವ ಮರಿಗೆ ತಾನು ಲೆಕ್ಕದಲ್ಲಿದ್ದೆ ಎಂದು ತಿಳಿಯುವುದಿಲ್ಲ. ಮನುಷ್ಯರ ವ್ಯವಹಾರದಲ್ಲಿಯೂ ಈ ನೂರರ ಮೇಲಿನ ಎರಡು ಎಲ್ಲೆಲ್ಲಿ ಅಡಗಿ ಕೂತಿದೆ ಎಂದು ಹುಡುಕುತ್ತ ಹೋದರೆ ಓದುಗರಿಗೆ ತಮ್ಮ ತಮ್ಮ ಕಚೇರಿಯಲ್ಲೇ ಸಿಕ್ಕೀತು. ದೊಡ್ಡ ಕಟ್ಟಡ ಏಳುವಾಗ, ಅಣೆಕಟ್ಟೆಯ ಹಿನ್ನೀರು ಏರುವಾಗ, ಇಷ್ಟು ಜನಕ್ಕೆ ತೊಂದರೆಯಾಗುವುದು ಸಹಜ ಎಂದು ಯಾರೋ ಒಂದು ಹಾಳೆಯಲ್ಲಿ ಬರೆದಿಟ್ಟಿರುತ್ತಾರೆ. ಯಾರು ಎಂಬ ಅಂಕಣ ಮಾತ್ರ ಖಾಲಿ.

ಹಾಗೆಂದು ಲೆಕ್ಕವೇ ತಪ್ಪು ಎಂದು ಹೇಳಲು ನಾನು ಸಿದ್ಧನಿಲ್ಲ. ಲೆಕ್ಕವಿಲ್ಲದ ಪ್ರೀತಿಯನ್ನು ನಾನು ಅಜ್ಜಿಯ ಹಳ್ಳಿಯ ಹಿತ್ತಲಿನಲ್ಲೇ ನೋಡಿದ್ದೇನೆ. ಮಂಕರಿಯಲ್ಲಿ ಬೂದಿ, ಅದರ ಮೇಲೆ ಹುಲ್ಲು, ಬೆಸ ಸಂಖ್ಯೆಯಲ್ಲಿ ಹನ್ನೊಂದೋ ಹದಿಮೂರೋ ಮೊಟ್ಟೆ, ಗುಡುಗಿಗೆ ಕೆಡದಿರಲೆಂದು ಒಂದು ಕಬ್ಬಿಣದ ಚೂರು. ಅದರ ಮೇಲೆ ಹೇಂಟೆ 21 ದಿನ ತಪಸ್ಸಿಗೆ ಕೂರುತ್ತಿತ್ತು. ಅದಕ್ಕಿಂತ ಒಳ್ಳೆಯ ಬ್ರೂಡರ್ ಇಲ್ಲ. ಕಾವು, ಹಾಸು, ಸುತ್ತು ಎಲ್ಲವೂ ಒಂದೇ ರೆಕ್ಕೆಯ ಕೆಳಗೆ. ಆದರೆ ಹನ್ನೊಂದರಲ್ಲಿ ಹದ್ದಿಗೆ ಎರಡು, ಬೆಕ್ಕಿಗೆ ಒಂದು, ಮುಂಗುಸಿಗೆ ಒಂದು, ಮಳೆಗೆ ಎರಡು ಎಂದು ಹೋಗಿ ತಿಂಗಳ ಕೊನೆಗೆ ಐದು ಉಳಿದರೆ ಹೆಚ್ಚು. ಚಿಕ್ಕಪ್ಪನ ತಗಡಿನ ಸುತ್ತಿನಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚೇ ಉಳಿಯುತ್ತಿದ್ದವು. ತಾಯಿಯ ಮಡಿಲನ್ನು ಹಾಡಿ ಹೊಗಳುವವರು ಈ ಅಂಕಿಯನ್ನು ಮರೆಯಬಾರದು. ಹೇಂಟೆಗೆ ಎಣಿಕೆ ಬರುವುದಿಲ್ಲ, ಅದಕ್ಕೆ ಗೊತ್ತಿರುವುದು ಕೂಗು. ಮರಿಯನ್ನು ಗಾಜಿನ ಗುಮ್ಮಟದೊಳಗೆ ಮುಚ್ಚಿಟ್ಟು, ಅದು ಒದ್ದಾಡುವುದು ಕಾಣುವಂತೆ ಆದರೆ ಕೂಗು ಕೇಳದಂತೆ ಮಾಡಿದರೆ ತಾಯಿ ಪಕ್ಕದಲ್ಲೇ ಕಾಳು ಹೆಕ್ಕುತ್ತಿರುತ್ತದೆ. ಮರಿ ಕಾಣದೆ ಕೂಗು ಮಾತ್ರ ಕೇಳಿಸಿದರೆ ಹುಚ್ಚೆದ್ದು ಹುಡುಕುತ್ತದೆ. ಪಕ್ಷಿಗಳ ನಡವಳಿಕೆಯನ್ನು ಅಭ್ಯಾಸ ಮಾಡಿದವರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸದ್ದಿಲ್ಲದೆ ಸಾಯುವ ಮರಿಯನ್ನು ಗುರುತಿಸಲು ತಾಯಿಗೂ ಆಗದು, ಎಣಿಸುವವನಿಗೆ ಮಾತ್ರ ಆಗುತ್ತದೆ. ದಿನಕ್ಕೆ ಎಷ್ಟು ಸತ್ತವು ಎಂದು ಬರೆದಿಡುವವನಿಗೇ ರಾಣಿಖೇತ್ ರೋಗ ಬಾಗಿಲಿಗೆ ಬಂದದ್ದು ಮೊದಲು ತಿಳಿಯುವುದು. ಎಣಿಸುವುದೂ ಒಂದು ಬಗೆಯ ಆರೈಕೆಯೇ.

ಹಾಗಿದ್ದರೆ ಚಿಕ್ಕಪ್ಪನ ಮಾತಿನಲ್ಲಿ ನನ್ನನ್ನು ಚುಚ್ಚಿದ್ದು ಏನು? ಲೆಕ್ಕದ ಸ್ಥಾನ, ಎಂದು ತೋರುತ್ತದೆ. ಸತ್ತ ಮೇಲೆ ಎಣಿಸುವುದು ಬೇರೆ, ಸಾಯಲಿಕ್ಕೆ ಮೊದಲೇ ಎರಡನ್ನು ಕಳೆದು ನೂರಕ್ಕೆ ಹಾಸು ಹಾಸುವುದು ಬೇರೆ. ಆ ರಾತ್ರಿ ಅವರು ಬಿಡಿಸುತ್ತಿದ್ದ ನುಣುಪಾದ ಕಾಗದದಲ್ಲಿ ಆ ಕಳೆಯುವ ಲೆಕ್ಕ ಆಗಲೇ ಸೇರಿತ್ತು. ಒಂದೆರಡರ ಕಾಲು ಜಾರಿದರೆ ಜಾರಲಿ, ಹೇಗೂ ಮೇಲೆ ಎರಡಿವೆ. ಹೀಗೆ ಅವರು ಬಾಯಿಬಿಟ್ಟು ಯೋಚಿಸಿರಲಿಲ್ಲ. ಅಂಥ ಯೋಚನೆಗಳನ್ನು ಯಾರೂ ಬಾಯಿಬಿಟ್ಟು ಯೋಚಿಸುವುದಿಲ್ಲ.

ಇಲ್ಲಿ ಒಬ್ಬ ಸಂದೇಹವಾದಿ ಎದ್ದು ನಿಲ್ಲುತ್ತಾನೆ. ನಮ್ಮ ಮನೆಗೆ ಬರುತ್ತಿದ್ದ ಒಬ್ಬ ಸಸ್ಯಾಹಾರಿ ಮಿತ್ರರೇ ಈ ಮಾತು ಎತ್ತಿದ್ದರು: "ಎರಡು ತಿಂಗಳ ಮೇಲೆ ಕತ್ತು ಕೊಯ್ಯುವ ಪ್ರಾಣಿಗೆ ಹತ್ತಿ ಸೀರೆಯಾದರೇನು, ಕಾಗದವಾದರೇನು? ನಿಮ್ಮದು ಆತ್ಮವಂಚನೆ." ನಮ್ಮದು ಮಾಂಸ ತಿನ್ನುವ ಮನೆ, ಭಾನುವಾರದ ಸಾರಿನ ವಾಸನೆ ಇಡೀ ಗಲ್ಲಿಗೆ ಗೊತ್ತು. ಆದ್ದರಿಂದ ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವ ಅಧಿಕಾರ ನನಗಿಲ್ಲ.

ಆ ಮಿತ್ರರಿಗೆ ಪ್ರಿಯವಾದ ಕಾವ್ಯದಲ್ಲೇ ಇದಕ್ಕೊಂದು ಬೆಳಕಿದೆ. ಜನ್ನ ಕವಿ 1209ರಲ್ಲಿ ಬರೆದ 'ಯಶೋಧರ ಚರಿತೆ'ಯಲ್ಲಿ ಅರಸ ಬಲಿಕೊಡುವುದು ನಿಜವಾದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಕೈಗೆ ರಕ್ತ ಅಂಟಲಿಲ್ಲ. ಆದರೂ ಕೊಲ್ಲುವ ಸಂಕಲ್ಪ ಮನಸ್ಸಿನಲ್ಲಿದ್ದುದರಿಂದ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ, ಒಂದು ಜನ್ಮದಲ್ಲಿ ಕೋಳಿಗಳಾಗಿಯೇ. ಕೈಗಿಂತ ಮನಸ್ಸು ಮುಖ್ಯ ಎಂಬುದು ಅಲ್ಲಿನ ತೀರ್ಪು. ಬ್ರೂಡರಿನ ಮುಂದೆ ಕೂತವನ ಕಥೆ ಇದರ ತಲೆಕೆಳಗು. ಅವನ ಕೈ ಪೂರಾ ದಯೆ, ಮನಸ್ಸು ಖಾತೆಪುಸ್ತಕ. ಜನ್ನನ ತಕ್ಕಡಿಯಲ್ಲಿ ತೂಗಿದರೆ ಅವನ ದಯೆಗೆ ತೂಕವೇ ಇಲ್ಲ. ಆದರೆ ಮರಿಯ ಕಡೆಯಿಂದ ನೋಡಿದರೆ? ಅದಕ್ಕೆ ನನ್ನ ಸಂಕಲ್ಪ ಕಾಣುವುದಿಲ್ಲ. 95 ಡಿಗ್ರಿ ಕಾವು ಕೊಟ್ಟವನು ಸಂತನೋ ಸಾಹುಕಾರನೋ, ಕಾವು ಕಾವೇ. ಕಾಲಿಗೆ ಹಿಡಿತ ಸಿಕ್ಕಿತೇ ಇಲ್ಲವೇ ಎಂಬುದು ಮಾತ್ರ ಅದರ ಧರ್ಮಶಾಸ್ತ್ರ. ಹಿಟ್ಟಿನ ಕೋಳಿಗೆ ನೋವಿರಲಿಲ್ಲ, ಆದ್ದರಿಂದ ಅಲ್ಲಿ ಮನಸ್ಸನ್ನೇ ತೂಗಬೇಕಾಯಿತು. ನಿಜವಾದ ಮರಿ ಎದುರಿಗಿರುವಾಗ ನಮ್ಮ ಮನಸ್ಸಿನ ಶುದ್ಧಿಯನ್ನೇ ಧ್ಯಾನಿಸುತ್ತ ಕೂರುವುದು ಸ್ವಲ್ಪ ಐಷಾರಾಮದ ಕೆಲಸ. ಮಿತ್ರರು ತಿನ್ನುವುದನ್ನು ಬಿಡಿ ಎನ್ನಬಹುದು, ಅದು ಗೌರವಿಸಬೇಕಾದ ಮಾತು. ಹೇಗೂ ತಿನ್ನುತ್ತೀರಿ, ಹಾಸು ಯಾಕೆ ಎನ್ನುವುದು ಹಾಗಲ್ಲ. ಮರಿಯ ಬದುಕಿನಲ್ಲಿ ನಿಜವಾಗಿ ಇರುವ ಅಷ್ಟು ದಿನಗಳನ್ನೂ ಅದು ಕೊನೆಯ ದಿನಕ್ಕೆ ಅಡವಿಡುತ್ತದೆ.

ಇನ್ನೊಂದು ಸಂಗತಿಯಿದೆ, ಅದು ನನಗೆ ಇದೆಲ್ಲಕ್ಕಿಂತ ಭಾರವಾಗಿ ಕಾಣುತ್ತದೆ. ಮರಿಗೆ ಬಲ್ಬು ಏಕೆ ಬೇಕಾಯಿತು? ತಾಯಿ ಇಲ್ಲದ್ದರಿಂದ. ತಾಯಿ ಏಕಿಲ್ಲ? ನಾವು ತೆಗೆದುಹಾಕಿದ್ದರಿಂದ. ಕಾವಿಗೆ ಕೂತ ಹೇಂಟೆ ಮೊಟ್ಟೆ ಇಡುವುದಿಲ್ಲ. ಕಾವಿನ ಮೂರು ವಾರ, ಮರಿ ಸಾಕುವ ತಿಂಗಳು ಒಂದೆರಡು ಲೆಕ್ಕಕ್ಕೆ ನಷ್ಟ. ಹಳ್ಳಿಯಲ್ಲಿ ಕಾವು ಬಿಡಿಸಲು ಹೇಂಟೆಯನ್ನು ತಣ್ಣೀರಿನಲ್ಲಿ ಅದ್ದುತ್ತಿದ್ದರು. ತಳಿವಿಜ್ಞಾನ ಅದನ್ನೇ ಪೀಳಿಗೆಯಿಂದ ಪೀಳಿಗೆಗೆ ಮಾಡಿತು. ಕಾವಿಗೆ ಕೂರುವುದನ್ನು ಮರೆತ ಕೋಳಿಗಳನ್ನೇ ಆರಿಸಿ ಆರಿಸಿ ಬೆಳೆಸಿತು. ಮೊಟ್ಟೆಗೆ ಹೆಸರಾದ ಬಿಳಿ ಲೆಗ್‌ಹಾರ್ನ್ ಈಗ ತಾಯಿಯಾಗುವುದನ್ನೇ ಹೆಚ್ಚುಕಡಿಮೆ ಮರೆತಿದೆ. ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದ ಕೊನೆಗೆ ರೂಪುಗೊಂಡು ಬಡವರ ಹಿತ್ತಲುಗಳಿಗೆ ನಿಜವಾಗಿಯೂ ಉಪಕಾರ ಮಾಡಿದ ಗಿರಿರಾಜ ತಳಿಯ ಹೇಂಟೆಯೂ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಗೆ ನಾಟಿ ಕೋಳಿಯನ್ನೋ ಯಂತ್ರವನ್ನೋ ಹುಡುಕಬೇಕು. 1749ರಷ್ಟು ಹಿಂದೆಯೇ ಫ್ರಾನ್ಸಿನ ರೆಯೊಮ್ಯೂರ್ ಎಂಬ ವಿಜ್ಞಾನಿ, ಉಷ್ಣಮಾಪಕಕ್ಕೆ ತನ್ನ ಹೆಸರು ಕೊಟ್ಟವನೇ, ಕೃತಕವಾಗಿ ಮರಿ ಮಾಡುವ ಬಗೆಯನ್ನು ಕುರಿತು ಪುಸ್ತಕ ಬರೆದ. ಮರಿಗಳು ನುಸುಳಿಕೊಂಡು ಬೆಚ್ಚಗಿರಲೆಂದು ಒಳಗೆ ಕುರಿಚರ್ಮ ಹೊದಿಸಿದ ಪೆಟ್ಟಿಗೆಯನ್ನು ಅವನು ಕೃತಕ ತಾಯಿ ಎಂದೇ ಕರೆದ. ಬರೀ ಕಾವು ಸಾಲದು, ಮೈಗೆ ತಾಗುವ ಮೆದುವಾದದ್ದು ಏನೋ ಬೇಕು ಎಂದು ಅವನಿಗೆ ಹೊಳೆದಿತ್ತು. ಅಮೆರಿಕದ ಹ್ಯಾರಿ ಹಾರ್ಲೋ 1958ರಲ್ಲಿ ವಿವರಿಸಿದ ಪ್ರಯೋಗದ ಕೋತಿಮರಿಗಳೂ ಹಾಲು ಕೊಡುವ ತಂತಿಯ ತಾಯಿಯನ್ನು ಬಿಟ್ಟು ಬಟ್ಟೆಯ ತಾಯಿಯನ್ನೇ ಅಪ್ಪಿಕೊಂಡವು. (ಅದನ್ನು ತಿಳಿಯಲು ಆ ಮರಿಗಳನ್ನು ತಾಯಂದಿರಿಂದ ಕಿತ್ತುಕೊಳ್ಳಬೇಕಾಯಿತು ಎಂಬುದನ್ನು ಪ್ರಯೋಗವನ್ನು ಮೆಚ್ಚುವವರು ಮೆಲ್ಲಗೆ ದಾಟಿಬಿಡುತ್ತಾರೆ.)

ಹೀಗಿರುವಾಗ ಹಾಸು, ಕಾವು, ಬೆಲ್ಲದ ನೀರು ಇವನ್ನು ದಯೆ ಎಂದು ಕರೆಯುವುದೇ ತಪ್ಪೆನಿಸುತ್ತದೆ. ತಾಯಿಯನ್ನು ತೆಗೆದುಕೊಂಡವನು ತಾಯಿಯ ಕೆಲಸ ಮಾಡಿಕೊಡುವುದು ಸಾಲ ತೀರಿಸುವುದು ಅಷ್ಟೆ. ಸಾಲ ತೀರಿಸಿದವನಿಗೆ ಪುಣ್ಯದ ಮಾತಿಲ್ಲ. ಅದರ ಬಲದ ಮೇಲೆ ಮುಂದಿನ ಯಾವ ಹಕ್ಕೂ ಹುಟ್ಟುವುದಿಲ್ಲ. ಇಷ್ಟು ಚೆನ್ನಾಗಿ ಸಾಕಿದೆ, ಆದ್ದರಿಂದ ತಿನ್ನಬಹುದು ಎಂಬ ವಾದ ನಮ್ಮಂಥವರಿಗೆ ಬಹಳ ಹಿತವಾದದ್ದು, ಅದು ನಿಲ್ಲುವುದಿಲ್ಲ. ತಿನ್ನುವುದಕ್ಕೆ ಬೇರೆ ಸಮರ್ಥನೆ ಇದ್ದರೆ ಬೇರೆಯಾಗಿ ಹುಡುಕಿಕೊಳ್ಳಬೇಕು, ಸೀರೆಯ ಮಡಿಕೆಯಲ್ಲಿ ಅಲ್ಲ.

ಸಾಲವೆಂದು ಒಪ್ಪದಿದ್ದಾಗ ಏನಾಗುತ್ತದೆ ಎಂಬುದನ್ನು ನೋಡಲು ಉಪ್ಪಾರಪೇಟೆಯಿಂದ ಹೆಚ್ಚು ದೂರ ಹೋಗಬೇಕಾಗಿರಲಿಲ್ಲ. ಮೆಜೆಸ್ಟಿಕ್ಕಿನ ಕಾಲುದಾರಿಗಳಲ್ಲಿ ಕುಕ್ಕೆ ಇಟ್ಟುಕೊಂಡು ಗುಲಾಬಿ, ಹಸಿರು, ನೇರಳೆ ಬಣ್ಣ ಅದ್ದಿದ ಮರಿಗಳನ್ನು ಮಕ್ಕಳ ಆಟಕ್ಕೆಂದು ಮಾರುತ್ತಿದ್ದರು. ಹಾಸಿಲ್ಲ, ಕಾವಿಲ್ಲ. ಅವು ಹೆಚ್ಚಾಗಿ ಮೊಟ್ಟೆತಳಿಯ ಗಂಡುಮರಿಗಳು. ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆ ಬೇಗ ಬೆಳೆಯುವುದೂ ಇಲ್ಲ. ಅಂದರೆ ಇಲ್ಲಿ ನೂರಕ್ಕೆ ಎರಡಲ್ಲ, ನೂರಕ್ಕೆ ಐವತ್ತು ಹೆಚ್ಚುವರಿ. ಉಳಿದ ಕಡೆ ಅವನ್ನು ಮೊದಲ ದಿನವೇ ಮುಗಿಸಿಬಿಡುತ್ತಾರೆ. ಜರ್ಮನಿ 2022ರ ಜನವರಿಯಿಂದ ಇದನ್ನು ನಿಷೇಧಿಸಿ, ಮೊಟ್ಟೆಯೊಳಗಿರುವಾಗಲೇ ಗಂಡು ಹೆಣ್ಣು ಗುರುತಿಸುವ ಯಂತ್ರಗಳ ಕಡೆ ತಿರುಗಿದೆ. ನಮ್ಮ ಕಾನೂನು ಆಯೋಗವೂ 2017ರಲ್ಲಿ ಕೋಳಿ ಸಾಕಣೆಯ ಸ್ಥಿತಿಗತಿಯ ಮೇಲೆ ಒಂದು ವರದಿ ಕೊಟ್ಟಿದೆ. ಇಂಥ ಕಾನೂನುಗಳು ಬೇಕು. ಆದರೆ ಯಾವ ಕಾನೂನೂ ರಾತ್ರಿ ಎರಡು ಗಂಟೆಗೆ ಒಂದು ಹಿಡಿ ಹೊಟ್ಟನ್ನು ಹಿಂಡಿ ನೋಡುವುದಿಲ್ಲ.

ಈಚೆಗೆ ಇನ್ನೊಂದು ತಮಾಷೆ. 2015ರ ನಂತರ ಎಲ್‌ಇಡಿ ಬಲ್ಬುಗಳು ಮನೆಮನೆಗೆ ಬಂದವು. ಬೆಳಕು ಹೆಚ್ಚು, ಕಾವು ಬಹಳ ಕಡಿಮೆ. ಹಳೆಯ ಬಲ್ಬಿನಲ್ಲಿ ಬೆಳಕಿಗಿಂತ ಶಾಖವೇ ಹೆಚ್ಚು, ಅದನ್ನು ನಾವು ಪೋಲು ಎನ್ನುತ್ತಿದ್ದೆವು. ಆ ಪೋಲಿನಲ್ಲೇ ಮರಿಗಳು ಬದುಕುತ್ತಿದ್ದವು. ಈಗ ನಾಲ್ಕು ಮರಿ ಸಾಕುವವನೂ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಗಳಲ್ಲಿ ಹಳೆಯ ಕಾಲದ ಬಲ್ಬು ಇದೆಯೇ ಎಂದು ಕೇಳುತ್ತ ಅಲೆಯಬೇಕು, ಇಲ್ಲವೇ ಕೆಂಪು ಕಾವಿನ ದೀಪಕ್ಕೆ ಹೆಚ್ಚು ದುಡ್ಡು ತೆರಬೇಕು.

ಅಜ್ಜಿ ಈಗಿಲ್ಲ, ಚಿಕ್ಕಪ್ಪನೂ ಇಲ್ಲ. ಚಿಕ್ಕಪ್ಪ ಎಲ್ಲವನ್ನೂ ಬರೆದಿಡುವ ಮನುಷ್ಯ. ಅವರ ಕೋಳಿ ಲೆಕ್ಕದ ನೋಟುಬುಕ್ಕು ಹಳ್ಳಿಯ ಮನೆಯ ಗೂಡಿನಲ್ಲಿ ಸಿಕ್ಕಿತು. ತಂಡಕ್ಕೊಂದು ಪುಟ. ಮೊದಲ ಪುಟಗಳಲ್ಲೆಲ್ಲ ಮೇಲುಗಡೆ 'ಮರಿ 100' ಎಂದಿದೆ, ಸತ್ತವುಗಳ ಪಟ್ಟಿ ಮೂರನೆಯ ಸಾವಿನಿಂದ ಶುರುವಾಗುತ್ತದೆ. 1994ರ ಜನವರಿಯ ಪುಟದಲ್ಲಿ 100 ಎಂಬುದನ್ನು ಹೊಡೆದು, ಪಕ್ಕದಲ್ಲಿ 102 ಎಂದು ಬರೆದಿದ್ದಾರೆ. ಆಮೇಲಿನ ಪುಟಗಳಲ್ಲೂ ಹಾಗೆಯೇ. ಭತ್ತದ ಹೊಟ್ಟು ಆರು ಚೀಲ. ಏಳನೆಯ ದಿನ ಕಣ್ಣಿಗೆ ಲಸಿಕೆಯ ಹನಿ. ಹದಿನಾಲ್ಕನೆಯ ದಿನ ಗಂಬೊರೊ ಲಸಿಕೆ. ಸತ್ತದ್ದು, ಮೊದಲ ರಾತ್ರಿಯದೂ ಸೇರಿ, 4. ಮಾರಿದ್ದು 96. ಮನೆಗೆ 2.